ಮದುವೆ ಕಾರಿನ ಕೆಂಪು ಲಕೋಟೆ

ತೈಪಿಂಗ್ ಊರಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಜೀವಮಾನವೆಲ್ಲ ಜನರ ತಲೆಗೂದಲು ಕತ್ತರಿಸಿದ ಚಿಯಾ ಕಿಮ್ ಸ್ವೀ, ಕೈ ನಡುಗತೊಡಗಿದ ಮೇಲೆ ಕ್ಷೌರದಂಗಡಿ ಮುಚ್ಚಿದ. ಹೆಂಡತಿ ಎಂದೋ ತೀರಿಕೊಂಡಿದ್ದಳು. ಉಳಿದದ್ದು ಮಗಳು ಸಿಯು ಇಮ್ ಮತ್ತು ತನ್ನಪ್ಪನ ಕಾಲದ ಹಸಿರು ಮಾರಿಸ್ ಮೈನರ್ ಕಾರು. ಮಗಳಿಗೆ ಚಿಕ್ಕಂದಿನ ಜ್ವರದಲ್ಲಿ ಕಾಲುಗಳ ಸ್ವಾಧೀನ ತಪ್ಪಿತ್ತು. ನಾಲಿಗೆ ಮಾತ್ರ ಅಪ್ಪನ ಕತ್ತರಿಗಿಂತ ಚುರುಕು.

ತಾನು ಸತ್ತ ಮೇಲೆ ಈ ಹುಡುಗಿಗೆ ಅನ್ನ ಹಾಕುವವರು ಯಾರು? ಐವತ್ತರ ಹತ್ತಿರ ಬಂದವಳೂ ಅಪ್ಪನಿಗೆ ಹುಡುಗಿಯೇ. ಹಳೇ ಕಾರುಗಳ ಹುಚ್ಚು ಹಿಡಿದ ಈಪೋದ ಸಿರಿವಂತನೊಬ್ಬ ಯಾವಾಗ ಕೊಟ್ಟರೂ ಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದ. ಅವನು ಹೇಳಿದ ಬೆಲೆಗೆ ಸಿಯು ಇಮ್ ಒಂದು ಆಶ್ರಮದಲ್ಲಿ ಕೊನೆತನಕ ನೆಮ್ಮದಿಯಾಗಿ ಇರಬಹುದಿತ್ತು. ಆದರೆ ಮಗಳನ್ನು ಆಸ್ಪತ್ರೆಗೆ ಒಯ್ಯಲು ಸದ್ಯಕ್ಕೆ ಕಾರು ಬೇಕೇ ಬೇಕು. ಕೈಲಾಗುವ ತನಕ ಓಡಿಸಿ ಆಮೇಲೆ ಮಾರುವುದು ಅವನ ಲೆಕ್ಕ. ಅಷ್ಟರಲ್ಲಿ ಕಾರಿಗೆ ಏನಾದರೂ ಆದರೆ? ಅದಕ್ಕೇ ವಿಮೆ ಹುಡುಕಿಕೊಂಡು ಹೊರಟ.

ಒಂದು ಕಚೇರಿಯ ಕಂಪ್ಯೂಟರಿನಲ್ಲಿ ಕಾರಿನ ಇಸವಿಯೇ ಇರಲಿಲ್ಲ. ಇನ್ನೊಂದರಲ್ಲಿ ಟೈ ಕಟ್ಟಿದವನು ನಗುತ್ತಲೇ ಹೇಳಿದ: "ಅಪೆಕ್, ನೀವು ಯಾರಿಗಾದ್ರೂ ಗುದ್ದಿದ್ರೆ ಅವರಿಗೆ ದುಡ್ಡು ಕೊಡ್ತೀವಿ. ನಿಮ್ಮ ಗಾಡಿಗೆ ಗುಜರಿ ಬೆಲೆ ಅಷ್ಟೇ." ಅಪೆಕ್ ಎಂದು ದೊಡ್ಡಪ್ಪನ ಮರ್ಯಾದೆ ಕೊಟ್ಟೇ ಕತ್ತು ಹಿಡಿದು ದಬ್ಬುವ ವಿದ್ಯೆಯನ್ನು ಈ ಟೈಯವರಿಗೆ ಯಾರು ಕಲಿಸಿದರೋ!

ಕೊನೆಗೆ ದಾರಿ ತೋರಿಸಿದವಳು ಏಜೆಂಟ್ ಪೋ ಸುವಾನ್. ಚಿಕ್ಕವಳಿದ್ದಾಗ ಅವನ ಕುರ್ಚಿಯ ಮೇಲೆ ಅಡ್ಡ ಹಲಗೆ ಹಾಕಿಸಿಕೊಂಡು ಕೂತು, ಅಳುತ್ತಾ ಕೂದಲು ಕತ್ತರಿಸಿಕೊಂಡವಳು. ಹಳೇ ಕಾರುಗಳಿಗೆಂದೇ ವಿಮೆ ಕೊಡುವ ಕಂಪನಿಯೊಂದನ್ನು ಪತ್ತೆ ಮಾಡಿದಳು. ಕಾರಿನ ಬೆಲೆ ಇಷ್ಟು ಎಂದು ಎರಡೂ ಕಡೆಯವರು ಮೊದಲೇ ಒಪ್ಪಿಬಿಡಬೇಕು, ಕಾರು ಹಾಳಾದರೆ ಅಷ್ಟೂ ಹಣ ಕೈಗೆ.

"ಆದ್ರೆ ಅಪೆಕ್, ರಾತ್ರಿ ಸೂರಿನಡಿ ನಿಲ್ಲಿಸ್ಬೇಕು. ದುಡ್ಡಿಗೆ ಮಾತ್ರ ಓಡಿಸ್ಲೇಬೇಡಿ. ಬಾಡಿಗೆ ಅಂತ ಗೊತ್ತಾದ್ರೆ ಬಿಡಿಗಾಸೂ ಬರಲ್ಲ."

"ನಾನೇನು ಟ್ಯಾಕ್ಸಿಯವನೇನೇ?" ಎಂದ ಕಿಮ್ ಸ್ವೀ. ಆ ದಿನ ಅವನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು.

ಆಮೇಲೆ ನೆರೆಮನೆಯ ತಿಯೋನ ಮಗಳಿಗೆ ಮದುವೆ ಬಂತು. ತಿಯೋ ನೂಡಲ್ಸ್ ಮಾರುವವನು. ಹುಡುಗನ ಕಡೆಯವರು ಸ್ಥಿತಿವಂತರು, ಎಲ್ಲದರಲ್ಲೂ ಮೂಗು ಮುರಿಯುವವರು. ಮದುಮಗಳನ್ನು ಹಸಿರು ಕಾರಿನಲ್ಲಿ ಕಳಿಸುವ ಆಸೆ ತಿಯೋಗೆ. "ಬಾಡಿಗೆ ಮಾತೆತ್ತಿದರೆ ಕಾರೇ ಇಲ್ಲ" ಎಂದು ಗದರಿಸಿಯೇ ಕಿಮ್ ಸ್ವೀ ಒಪ್ಪಿದ.

ಮದುಮಗಳು ಗಂಡನ ಮನೆ ಬಾಗಿಲಲ್ಲಿ ಇಳಿದಾಗ ತಿಯೋ ಶಾಸ್ತ್ರದ ದುಡ್ಡಿಟ್ಟ ಕೆಂಪು ಲಕೋಟೆಯೊಂದನ್ನು ಅವನ ಕೈಗಿಟ್ಟ. ಅದನ್ನು ಬೇಡ ಎನ್ನುವಂತಿಲ್ಲ. ಬೇಡ ಎಂದರೆ ಅಮಂಗಳ ಹೆಣ್ಣಿಗೆ ತಟ್ಟುತ್ತದೆ. ಕಿಮ್ ಸ್ವೀ ಎರಡೂ ಕೈಯಲ್ಲಿ ತೆಗೆದುಕೊಂಡು ಜೇಬಿಗಿಟ್ಟ.

ವಾಪಸು ಬರುವಾಗ ಕೆರೆಯ ಬಳಿ ಮಳೆ ಜಡಿಯಿತು. ಕಾರನ್ನು ದೊಡ್ಡ ಮರದಡಿ ನಿಲ್ಲಿಸಿ, ಮಗಳಿಗೆ ಮೀನುಂಡೆ ಸಾರು ಕಟ್ಟಿಸಿಕೊಳ್ಳಲು ಎದುರಿನ ಅಂಗಡಿಗೆ ಓಡಿದ. ಲಕೋಟೆ ಬಿಚ್ಚಿದರೆ ಎಂಟು ರಿಂಗಿಟ್. ಎಂಟು ಶುಭದ ಅಂಕಿ, ಅದಕ್ಕಿಂತ ಹೆಚ್ಚು ಇಡಲು ಪಾಪ ತಿಯೋನ ಹತ್ತಿರ ಉಳಿದಿರಲಿಲ್ಲ. ಸಾರಿನ ಪೊಟ್ಟಣ ಕೈಗೆ ಬರುವಷ್ಟರಲ್ಲಿ ಮರದ ಕೊಂಬೆ ಲಟಲಟನೆ ಮುರಿದು ಕಾರಿನ ಮೇಲೆ ಬಿತ್ತು. ಹಪ್ಪಳದಂತೆ ಆದ ಆ ತಗಡಿನ ಮುಂದೆ ಅವನು ಮಳೆಯಲ್ಲೇ ನಿಂತಿದ್ದ. ಆದರೂ ವಿಮೆ ಇದೆಯಲ್ಲ ಎಂದುಕೊಂಡೇ ಮನೆಗೆ ಬಂದ.

ಕಂಪನಿಯಿಂದ ವಿಚಾರಿಸಲು ಬಂದ ಯುವಕ ಸಭ್ಯ. ಎಲ್ಲ ಕೇಳಿ ಮುಗಿಸಿ, ಏಳುವಾಗ ಅಂದ: "ಮದುವೆ ಮನೆಯವರು ಏನಾದ್ರೂ ಕೊಟ್ರಾ ಅಪೆಕ್, ಇಲ್ಲಾ ಬರಿಗೈಲೇ ಕಳಿಸಿದ್ರಾ?"

ಕಿಮ್ ಸ್ವೀಗೆ ಸಿಟ್ಟು ನೆತ್ತಿಗೇರಿತು. ನೆರೆಯವನ ಮರ್ಯಾದೆಯನ್ನು ತನ್ನ ಮನೆಯಲ್ಲೇ ಕೂತು ತೆಗೆಯುತ್ತಾನಲ್ಲ! ಎಂಟು ಎಂದರೆ ಊರೆಲ್ಲ ಆಡಿಕೊಳ್ಳುತ್ತದೆ.

"ಬರಿಗೈಲಿ ಕಳಿಸೋಕೆ ಅವರೇನು ಗತಿಗೆಟ್ಟವರಾ? ನೂರ ಎಂಬತ್ತೆಂಟು ಇಟ್ಟಿದ್ರು!"

ಯುವಕ ಬರೆದುಕೊಂಡ. ಒಳಗೆ, ಇದ್ದದ್ದು ಎಂಟೇ ಎಂದು ಗೊತ್ತಿದ್ದ ಸಿಯು ಇಮ್ ಕೈಯಿಂದ ಚಮಚ ಬಿತ್ತು.

ಬಾಡಿಗೆಗೆ ಓಡಿಸಿದ್ದೀರಿ ಎಂದು ಕಂಪನಿ ಕೈ ಎತ್ತಿತು. ಸಿಯು ಇಮ್ ಬಾಯಿಂದ ಎಂಟರ ನಿಜ ಕೇಳಿ ಪೋ ಸುವಾನ್ ಓಡೋಡಿ ಬಂದಳು.

"ಎಂಟು ಅಂದಿದ್ರೆ ಶಾಸ್ತ್ರ ಅಂತ ಬಿಡ್ತಿದ್ರು ಅಪೆಕ್! ಮದುವೆ ಕಾರಿನ ಬಾಡಿಗೆ ಎಷ್ಟಿರುತ್ತೋ ಸರಿಯಾಗಿ ಅಷ್ಟೇ ಹೇಳಿದ್ದೀರಲ್ಲ! ನಡೀರಿ, ತಿಯೋ ಅವರ ಬಾಯಲ್ಲೇ ನಿಜ ಹೇಳಿಸೋಣ."

ಅವಳೇ ಆ ಯುವಕನನ್ನೂ ಕರೆಸಿದಳು. ಮೂವರೂ ತಿಯೋನ ಮನೆಗೆ ಹೋದರೆ, ಗ್ರಹಚಾರಕ್ಕೆ ಅಂದೇ ಬೀಗರು ಬಂದು ಕೂತಿದ್ದರು. ತಿಯೋನನ್ನು ಹೊರಗೆ ಕರೆಯೋಣ ಎಂದು ಪೋ ಸುವಾನ್ ಬಾಯಿ ತೆರೆಯುವಷ್ಟರಲ್ಲಿ ಯುವಕ ಕೇಳಿಯೇಬಿಟ್ಟ: "ಲಕೋಟೇಲಿ ನೂರ ಎಂಬತ್ತೆಂಟು ಇತ್ತು ಅಂತ ಹೇಳಿದ್ದಾರೆ. ನಿಜಾನಾ?"

ತಿಯೋ ಬೀಗರತ್ತ ನೋಡಿದ. ಬೀಗಿತ್ತಿ ಬಟ್ಟಲು ಕೆಳಗಿಟ್ಟು ಕಿವಿ ನಿಮಿರಿಸಿದಳು.

"ನಿಜವೇ. ಅದಕ್ಕಿಂತ ಕಮ್ಮಿ ಇಡೋರಾ ನಾವು?" ಎಂದ ತಿಯೋ, ದೊಡ್ಡ ದನಿಯಲ್ಲಿ.

ಪೋ ಸುವಾನ್ ಕಿಮ್ ಸ್ವೀಯ ಬೆನ್ನು ತಿವಿದಳು. ಮಾತಾಡಬೇಕು ಎಂದು ಅವನಿಗೂ ಗೊತ್ತಿತ್ತು. ಅತ್ತೆಯ ಹಿಂದೆ ಹೊಸ ಹೆಣ್ಣು ಚಹಾದ ಪಾತ್ರೆ ಹಿಡಿದು ನಿಂತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ.

"ಹೌದು, ಅಷ್ಟೇ ಇತ್ತು" ಎಂದ ಕಿಮ್ ಸ್ವೀ.

ಮನೆಗೆ ಬಂದವನನ್ನು ಮಗಳು ಮುಖ ನೋಡಿಯೇ ಕೇಳಿದಳು: "ಹೇಳ್ಲಿಲ್ಲ, ಅಲ್ವಾ?"

"ಆ ಹುಡುಗಿ ಅಲ್ಲೇ ನಿಂತಿದ್ಳು ಕಣೇ. ಬೀಗರ ಮುಂದೆ ಹೇಗೆ ಹೇಳ್ಲಿ?"

"ನಾನೂ ಇಲ್ಲಿ ಕೂತಿದ್ದೆನಲ್ಲಪ್ಪಾ."

ವಿಮೆಯ ಹಣ ನಂಬಿ ಮಗಳಿಗೆ ಕಾದಿರಿಸಿದ್ದ ಜಾಗ ಇನ್ನು ಬೇಡ ಎಂದು ಆಶ್ರಮದವರಿಗೆ ತಿಳಿಸಬೇಕಿತ್ತು. ಫೋನು ಎತ್ತಿಕೊಂಡವನು ಆ ಕಡೆಯವರೊಂದಿಗೆ ಮಳೆಯ ಮಾತು ಶುರು ಮಾಡಿದ. ಸಿಯು ಇಮ್ ಅದನ್ನು ಕಿತ್ತುಕೊಂಡು ತಾನೇ ಹೇಳಿದಳು.