ಹೀರಾಬಾಯಿ ತುಂಬಿಸದ ರಜಾಯಿ

ಬೀದರ ಸೀಮೆಯ ಚಳಿ ಗೊತ್ತಿಲ್ಲದವರಿಗೆ ಹೀರಾಬಾಯಿಯ ಸಿಟ್ಟೂ ಅರ್ಥವಾಗುವುದಿಲ್ಲ. ಬೇಸಿಗೆಯಲ್ಲಿ ಇಲ್ಲಿಯ ನೆಲ ಕಾದ ಹಂಚಿನ ಹಾಗೆ ಸುಡುತ್ತದೆ. ಅಲ್ಲೆಲ್ಲಿಯ ಚಳಿ ಎಂದು ದೂರದವರು ನಗುತ್ತಾರೆ. ನಗಲಿ. ದೀಪಾವಳಿ ಮುಗಿದದ್ದೇ ತಡ, ಮೂಡಣ ಗಾಳಿ ಬಯಲಿನ ಮೇಲೆ ಅಡ್ಡಿಯಿಲ್ಲದೆ ಬೀಸುತ್ತದೆ. ಮಾರ್ಗಶಿರದಲ್ಲಿ ಕೈಬೆರಳು ಸೆಟೆಯುತ್ತವೆ. ಪುಷ್ಯದಲ್ಲಿ ಬೆಳಗಿನ ನೀರು ಮುಟ್ಟಿದರೆ ಕಚ್ಚುತ್ತದೆ. ಶಿವರಾತ್ರಿಯವರೆಗೆ ಬಿಡುಗಡೆಯೆಂಬುದಿಲ್ಲ.

ಎಕಂಬಾ ದಾಟಿದರೆ ಸಿಗುವ ಒಂದು ಸಣ್ಣ ಹಳ್ಳಿಯಲ್ಲಿ ಹೀರಾಬಾಯಿ, ಅವಳ ಗಂಡ ಬಕ್ಕಪ್ಪ ಕುರಿ ಸಾಕಿಕೊಂಡಿದ್ದರು. ಅದೇ ಊರಿನಲ್ಲಿ ಹತ್ತಿ ಹಿಂಜುವ ಪಿಂಜಾರ ಯಾಕೂಬ ಪ್ರತಿವರ್ಷ ದಸರೆ ಮುಗಿಯುತ್ತಲೇ ಕಮಾನು ಹೆಗಲಿಗೇರಿಸಿ ಮನೆಮನೆಗೆ ಬರುತ್ತಿದ್ದ. ಆಳೆತ್ತರದ ಮರದ ಕಮಾನು, ಅದಕ್ಕೆ ಬಿಗಿದ ಕುರಿಗರುಳಿನ ಹುರಿ. ಹುರಿಯ ಮೇಲೆ ಕೊಡತಿ ಬಿದ್ದರೆ ಗಂಟುಗಂಟಾದ ಹಳೆಯ ಹತ್ತಿ ಮತ್ತೆ ಉಬ್ಬಿ ಹಗುರಾಗುತ್ತಿತ್ತು. ಆ ಕರುಳು ಹೀರಾಬಾಯಿಯ ಮನೆಯದು. ಅದಕ್ಕಾಗಿಯೇ ಊರಲ್ಲಿ ಮೊದಲು ತುಂಬುತ್ತಿದ್ದದ್ದು ಅವಳ ಮನೆಯವರು ಹೊದೆಯುವ ರಜಾಯಿ.

ನಿಜಾಮನ ರಾಜ್ಯ ಬಿದ್ದದ್ದು ಭಾದ್ರಪದದಲ್ಲಿ. ಅದಕ್ಕೂ ಮೊದಲು ರಜಾಕಾರರು ಬರುತ್ತಾರೆಂದು ಊರಿಗೆ ಊರೇ ಜೋಳದ ಹೊಲದಲ್ಲಿ ಅಡಗಿದಾಗ ಯಾಕೂಬನೂ ಅವನ ಹೆಂಡತಿ ಮುನವ್ವರ ಬೇಗಂಳೂ ಜೊತೆಗೇ ಅಡಗಿದ್ದರು. ಮಿಲಿಟರಿ ಬಂತೆಂಬ ಸುದ್ದಿ ಮುಟ್ಟಿದ ದಿನ ಇದೊಂದೂ ಯಾರಿಗೂ ನೆನಪಾಗಲಿಲ್ಲ. ನೆನಪಾದದ್ದು ಅವನ ಗಡ್ಡ ಮಾತ್ರ! ಊರವರೇ ಅವನ ಮನೆ ದೋಚಿದರು, ಊರು ಸೇರುವ ಚೌಡಿಯ ಮುಂದೆ ಬೆಂಕಿ ಹಾಕಿ ಕುಣಿದರು, ಆ ಗಂಡಹೆಂಡಿರನ್ನು ಮಳೆಯಲ್ಲೇ ಓಡಿಸಿದರು. ಹೀರಾಬಾಯಿ ಆಗ ಕಮಲನಗರದ ಕಡೆ ಕುರಿ ಹೊಡೆದುಕೊಂಡು ಹೋಗಿದ್ದಳು. ಮರಳಿ ಬಂದು ನೋಡಿದರೆ ಯಾಕೂಬನ ಮನೆಗೆ ಬಾಗಿಲೂ ಉಳಿದಿರಲಿಲ್ಲ. ಚೌಡಿಯಲ್ಲಿ ನಿಂತು ಗಂಟಲು ಹರಿಯುವಂತೆ ಬೈದಳು. ಎಲ್ಲರೂ ನೆಲ ನೋಡಿದರು, ಬಕ್ಕಪ್ಪನೂ ನೋಡಿದ.

ಮಗಳು ಸತ್ಯಮ್ಮ ಆಗ ಬಸುರಿ, ಹೆರಿಗೆ ಪುಷ್ಯಕ್ಕೆ. ಮನೆ ತುಂಬ ಕಂಬಳಿಯಿದ್ದರೂ ಹಸುಗೂಸಿಗೆ ಕಂಬಳಿ ಚುಚ್ಚುತ್ತದೆ, ಹತ್ತಿಯೇ ಬೇಕು. ಗಾಳಿ ತಿರುಗಿದ್ದನ್ನು ಕಂಡವಳೇ ಹೀರಾಬಾಯಿ ಕಮಲನಗರದಲ್ಲಿ ರೈಲು ಹತ್ತಿ, ಭಾಲ್ಕಿ ದಾಟಿ ಬೀದರಿಗೆ ಹೋದಳು. ಯಾಕೂಬ ಕೋಟೆಯ ಹತ್ತಿರದ ಗಲ್ಲಿಯಲ್ಲಿ ಮೈದುನನ ಮನೆ ಸೇರಿದ್ದ.

"ಊರಿಗಿ ನಡಿ ಯಾಕೂಬ. ಥಂಡಿ ಬಂತು. ಯಾರು ಬಾಯಿ ತೆಗಿತಾರ ನಾ ನೋಡ್ತೇನಿ."

ಯಾಕೂಬ ಗೋಡೆಗೆ ತೂಗಿದ್ದ ಮೈದುನನ ಕಮಾನಿನ ಕಡೆ ನೋಡಿದ. "ನನ್ನ ಕಮಾನ ಅದ ಏನ್ರಿ ಬಾಯಿ? ನಮ್ಮಪ್ಪಂದ್ರಿ ಅದು. ಅದು ಇದ್ದರ ಬರ್ತೇನ್ರಿ."

"ಅದ. ಕಮಾನ ಒಯ್ದು ಯಾರು ಏನ ಮಾಡ್ತಾರ?" ಎಂದು ಮಾತು ಕೊಟ್ಟುಬಿಟ್ಟಳು.

ಊರಿಗೆ ಬಂದವಳು ಮನೆಮನೆ ಹೊಕ್ಕಳು. ಮುನವ್ವರಳ ತಾಮ್ರದ ಹಂಡೆ ಒಬ್ಬರ ಬಚ್ಚಲಲ್ಲಿತ್ತು, ಯಾಕೂಬನ ಮನೆಯ ಬಾಗಿಲು ಇನ್ನೊಬ್ಬರ ಕೊಟ್ಟಿಗೆಯಲ್ಲಿತ್ತು. ಕಮಾನು ಮಾತ್ರ ಎಲ್ಲಿಯೂ ಇರಲಿಲ್ಲ. ಕೊನೆಗೆ ಮುದುಕ ಧೊಂಡಿಬಾ, "ಊರೆಲ್ಲಾ ಯಾಕ ಹುಡುಕ್ತಿ? ನಿನ್ನ ಗಂಡಗ ಕೇಳು" ಎಂದ.

ಬಕ್ಕಪ್ಪ ರೊಟ್ಟಿ ಮುರಿಯುತ್ತಿದ್ದ. "ಮಳಿ ಹತ್ತಿತ್ತು," ಎಂದ ತಲೆಯೆತ್ತದೆ. "ಕಟಗಿ ಹಸಿ ಇದ್ವು, ಬೆಂಕಿ ಹತ್ತಲಿಲ್ಲ. ಎಲ್ಲಾರೂ ಏನೇನರೆ ಹಾಕ್ಲಿಕತ್ತಿದ್ರು. ನಾನೂ ಕಮಾನ ಹಾಕ್ದೆ."

"ಅದರ ಹುರಿ ನಮ್ಮ ಕುರಿದಿತ್ತು."

"ಅದೂ ಸುಟ್ಟಹೋತು."

ಇಡೀ ಊರಿಗೆ ಬೈದವಳ ಸಿಟ್ಟು ಈಗ ಗಂಡನ ಮೇಲೆ ತಿರುಗಿತು. ಆ ಸಿಟ್ಟು ಹೊರಗೆ ಬರಲೇ ಇಲ್ಲ. ಒಳಗೇ ಮನೆ ಮಾಡಿತು.

ಮತ್ತೆ ಬೀದರಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಗಂಡನ ಹೆಸರನ್ನೂ ಮುಚ್ಚಿಡಲಿಲ್ಲ. ಯಾಕೂಬ ಎದ್ದು ಮೈದುನನ ಕಮಾನು ಇಳಿಸಿಕೊಂಡ. ಅವಳು ತಂದ ಹತ್ತಿ ಹಿಂಜಿ ಕೂಸಿನ ರಜಾಯಿ ತುಂಬಿದ. ಮುನವ್ವರ ಅದರ ಅಂಚು ಹೊಲಿದಳು.

"ಕೂಸು ಬೆಚ್ಚಗಿರ್ಲಿ," ಎಂದ ಯಾಕೂಬ. "ನಾ ಊರಿಗಿ ಬರಂಗಿಲ್ರಿ."

ಬಾ ಎಂದು ಇನ್ನೊಮ್ಮೆ ಕರೆಯಲು ಹೀರಾಬಾಯಿಗೆ ಯಾವ ಮುಖವಿತ್ತು?

ಪುಷ್ಯದಲ್ಲಿ ಸತ್ಯಮ್ಮನಿಗೆ ಹೆಣ್ಣುಕೂಸು ಹುಟ್ಟಿತು, ಬೆಚ್ಚಗೆ ಮಲಗಿತು. ಊರು ಮಾತ್ರ ಗಂಟುಗಟ್ಟಿದ ಹತ್ತಿಯ ಕೆಳಗೆ ಗಡಗಡ ನಡುಗಿತು. ಇನ್ನೊಮ್ಮೆ ಬೀದರಿಗೆ ಹೋಗುವಾಗ ನಮ್ಮ ಹತ್ತಿಯನ್ನೂ ಒಯ್ಯಿ ಎಂದು ಹೆಂಗಸರು ಅಂಗಲಾಚುತ್ತ ಬಂದರು.

"ಅವತ್ತು ಚೌಡಿ ಮುಂದ ಕಾಸಿಕೊಂಡಿರಲ್ಲ, ಆ ಬೆಂಕಿ ಬಿಸಿ ಆರ್ತೇನು?" ಎಂದು ಎಲ್ಲರೆದುರೇ ಕೇಳಿದಳು.

ಅಂದಿನಿಂದ ದಸರೆ ಮುಗಿದರೆ ಅವಳ ಗಂಟು ಬೀದರಿಗೆ ಹೊರಡುತ್ತಿತ್ತು. ಅದರಲ್ಲಿ ಯಾಕೂಬನ ಹುರಿಗೆ ಒಣಗಿಸಿದ ಕರುಳು, ಜೊತೆಗೆ ರಜಾಯಿಗಳು: ತನ್ನದು, ಸತ್ಯಮ್ಮನದು, ಮೊಮ್ಮಗಳದು. ಬಕ್ಕಪ್ಪನ ರಜಾಯಿ ಮಾತ್ರ ಇರುತ್ತಿರಲಿಲ್ಲ. ಹೈದರಾಬಾದ್ ರಾಜ್ಯ ಒಡೆದು ಬೀದರ ಮೈಸೂರಿಗೆ ಸೇರುವ ಹೊತ್ತಿಗೆ ಅವನ ರಜಾಯಿಯ ಹತ್ತಿಯೆಲ್ಲ ಕಾಲ್ದೆಸೆಗೆ ಜಾರಿ, ಎದೆಯ ಮೇಲೆ ಬರೀ ಬಟ್ಟೆ ಉಳಿದಿತ್ತು.

ಆ ವರ್ಷ ಅವನೇ ಅದನ್ನು ಮಡಚಿ ತಂದು ಅವಳ ಗಂಟಿನ ಮೇಲಿಟ್ಟ. ಕೆಮ್ಮುತ್ತ ನಿಂತ. ಹೀರಾಬಾಯಿ ಅದನ್ನೆತ್ತಿ ಅವನ ಕೈಗೇ ಕೊಟ್ಟಳು.

"ಇದನ್ನ ಹಿಂಜೋ ಕಮಾನ ನೀ ಸುಟ್ಟಿ" ಎಂದು ಗಂಟು ಬಿಗಿದು ತಲೆಯ ಮೇಲೆ ಹೊತ್ತಳು. ಕಮಲನಗರದ ರೈಲಿಗೆ ಹೊತ್ತಾಗಿತ್ತು.