ಚಂದ್ರನ ಮೇಲಿನ ಬಸ್ಸು

ಈ ಮಾತು ಹೇಳುವುದನ್ನು ಏಳು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ಇವತ್ತೂ ಮುಂದೂಡುತ್ತಿದ್ದೆನೋ ಏನೋ, ಆದರೆ ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ಹಳೆಸಾಮಾನಿನ ಅಂಗಡಿಯಲ್ಲಿ ಒಂದು ಮಾಸಲು ಇಂಗ್ಲಿಷ್ ಕಥಾಪತ್ರಿಕೆ ಬಿಡಿಸಿದಾಗ ಒಣಗಿದ ಅಂಟಿನ, ಅಗ್ಗದ ಕಾಗದದ ವಾಸನೆ ಮೂಗಿಗೆ ಬಡಿಯಿತು. ಮುಖಪುಟದಲ್ಲಿ ರಾಕೆಟ್ಟು, ಅದರ ಕೆಳಗೆ ರೆಕ್ಕೆಯ ಕುದುರೆ. ಅಲ್ಲೇ ಸಿಕ್ಕ ಧಾರವಾಡದವರೊಬ್ಬರು, "ಏನ್ರೀ ಅಂಕಲ್, ಈ ವಯಸ್ಸಿನ್ಯಾಗ ರಾಕೆಟ್ ಹತ್ತಾವ್ರೇನು?" ಎಂದು ನಕ್ಕರು.

"ಹೌದ್ರಿ, ಸೀಟ್ ಬುಕ್ ಮಾಡೇನಿ," ಎಂದೆ. ನಗುವವರು ನಗಲಿ. ಹಿಂದೆ ನಾನೂ ಹಾಗೆಯೇ ನಗುತ್ತಿದ್ದೆ.

ನಾನು ಹತ್ತನೆಯ ತರಗತಿ ಮುಗಿಸಿ ಹುಬ್ಬಳ್ಳಿ ಕಡೆ ಮೂವತ್ತು ವರ್ಷ ಬಸ್ಸು ಓಡಿಸಿದವನು. ಹೆಂಡತಿ ತೀರಿಕೊಂಡ ಮೇಲೆ ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿದ್ದ ಮಗಳ ಮನೆಗೆ ಬಂದೆ. ಅವಳು ಚಾಟ್ಸ್‌ವುಡ್‌ನ ಆಫೀಸಿಗೆ ರೈಲಿನಲ್ಲಿ ಹೋಗುತ್ತ ಬರುತ್ತ ಇಂಥ ಪತ್ರಿಕೆಗಳ ಸಣ್ಣಕಥೆಗಳನ್ನೇ ಓದುತ್ತಿದ್ದಳು. ಎರಡು ಮಕ್ಕಳ ತಾಯಿ ಎಲ್ಲರೆದುರು ರಾಕೆಟ್ಟು, ಮಾಟಗಾತಿ ಎಂದು ಕೂತಿರುವುದು ನನಗೆ ಮರ್ಯಾದೆಗೇಡು ಅನಿಸುತ್ತಿತ್ತು.

ಮಕ್ಕಳ ಸ್ಕೂಲಿಗೆಂದು ಮೆಲ್ಬರ್ನಿಗೆ ಮನೆ ಬದಲಿಸುವಾಗ ಪ್ಯಾಕಿಂಗ್ ನನ್ನ ಪಾಲಿಗೆ ಬಂತು. ಬೇಡದ ಸಾಮಾನನ್ನು ಫುಟ್‌ಪಾತಿನಲ್ಲಿ ಒಟ್ಟಿದರೆ ಕೌನ್ಸಿಲ್‌ನವರು ಬಂದು ಒಯ್ಯುತ್ತಾರೆ. ಅಲ್ಲಿ ಅವಳ ಪತ್ರಿಕೆಗಳ ಮೂರು ರಟ್ಟಿನ ಪೆಟ್ಟಿಗೆ ಇಟ್ಟೆ. ಭಾರ ಕಡಿಮೆಯಾಗಲೆಂದು ಇಟ್ಟೆ ಅಂದರೆ ನೀವು ನಂಬಬೇಡಿ. ಅವಳ ಕಣ್ಣಿಗೆ ಬೀಳದಂತೆ ಮೇಲೆ ಹಳೆಯ ಹಾಸಿಗೆ ಎಳೆದಿದ್ದೆ.

ಮೆಲ್ಬರ್ನಿನಲ್ಲಿ ಅವಳು ಹುಡುಕಿದಾಗ, ಮನೆಸಾಮಾನು ತಂದ ಟ್ರಕ್ಕಿನವರು ಕಳೆದಿರಬೇಕು ಎಂದೆ. ಪಾಪ, ತಪ್ಪಿಲ್ಲದ ಆ ಜನರೊಡನೆ ಎರಡು ವಾರ ಫೋನಿನಲ್ಲಿ ಜಗಳಾಡಿ ಸೋತಳು. ಒಂದು ಭಾನುವಾರ ಚಪಾತಿ ಲಟ್ಟಿಸುತ್ತ ತಾನಾಗಿಯೇ ಅಂದಳು: "ಹೋಗ್ಲಿ ಬಿಡಪ್ಪಾ. ಅದ್ರಾಗ ಒಂದು ನಂದೂ ಕಥಿ ಇತ್ತು."

"ನಿಂದಾ? ಏನ್ ಕಥಿ?"

"ಚಂದ್ರನ ಮ್ಯಾಲೆ ಒಬ್ಬಾಂವ ಬಸ್ ಓಡಸ್ತಾನ. ಒಬ್ರೂ ಪ್ಯಾಸೆಂಜರ್ ಬರೂದಿಲ್ಲ. ಆದ್ರೂ ಟೈಮಿಗೆ ಸರಿಯಾಗಿ ಬಿಡ್ತಾನ."

ಇಂಥ ಡ್ರೈವರನನ್ನು ನೀನೆಲ್ಲಿ ನೋಡಿದ್ದೆ ಎಂದು ನಾನು ಕೇಳಬೇಕಾಗಿರಲಿಲ್ಲ. ಶಾಲೆಯ ಸೂಟಿಯಲ್ಲಿ ನನ್ನ ಬಸ್ಸಿನ ಬಾನೆಟ್ಟಿನ ಮೇಲೆ ಕೂತು ಖಾಲಿ ಟ್ರಿಪ್ಪಿಗೂ ಬರುತ್ತಿದ್ದವಳು ಅವಳೇ.

ಯಾವ ಪತ್ರಿಕೆ ಎಂದು ಕೇಳಿದ್ದರೆ ಹೇಳುತ್ತಿದ್ದಳು. ಆದರೆ ಕೇಳಿದ್ದರೆ ನನ್ನ ಮುಖವೇ ಎಲ್ಲ ಹೇಳಿಬಿಡುತ್ತಿತ್ತು. ಹಾಗಾಗಿ ಅಂಗಡಿಗಳ ಹಳೆಯ ಪತ್ರಿಕೆಗಳಲ್ಲಿ ಕದ್ದುಮುಚ್ಚಿ ಹುಡುಕತೊಡಗಿದೆ. ಮೊದಲು ಬರೀ ವಿಷಯಸೂಚಿ ನೋಡುತ್ತಿದ್ದೆ, ಆಮೇಲೆ ಡಿಕ್ಷನರಿ ಹಿಡಿದು ಕಥೆಗೇ ಇಳಿದೆ. ಆರು ಪುಟಕ್ಕೆ ನಾಲ್ಕು ದಿನ. ಸತ್ತ ಗ್ರಹದಲ್ಲಿ ತೋಟ ಕಾಯುವ ಯಂತ್ರವೊಂದು ನನ್ನನ್ನು ಅಳುವಂತೆ ಮಾಡಿದೆ. ಇದನ್ನು ಹುಡುಗಾಟ ಅನ್ನುವವರು ನನ್ನೆದುರು ಅನ್ನಲಿ, ನೋಡೋಣ. ಮೂವತ್ತು ವರ್ಷ ರಸ್ತೆ ನೋಡಿದವನು ನಾನು. ಆ ಕಥೆಗಳಷ್ಟು ದೂರ ಯಾವ ರಸ್ತೆಯೂ ಒಯ್ಯಲಿಲ್ಲ.

ಇವತ್ತು ಸಿಕ್ಕ ಪತ್ರಿಕೆಯಲ್ಲೂ ಅವಳ ಕಥೆ ಇಲ್ಲ. ಸಿಕ್ಕರೆ ಅವಳ ಕೈಗಿಟ್ಟುಬಿಡುವುದು, ಬಾಯಿ ತೆರೆಯಬೇಕಾಗಿಲ್ಲ ಅಂದುಕೊಂಡಿದ್ದೆ. ಹೇಡಿಯ ಉಪಾಯ ಅದು. ಅಪ್ಪ ಮಗಳ ಕ್ಷಮೆ ಕೇಳುವ ರೂಢಿ ನಮ್ಮಲ್ಲಿಲ್ಲ ಅನ್ನುತ್ತೀರಿ. ಸುಡಲಿ ಆ ರೂಢಿ. ಪತ್ರಿಕೆಯನ್ನು ಈ ಸಲ ನನ್ನ ಮಂಚದ ಕೆಳಗೆ ತಳ್ಳಿಲ್ಲ, ಊಟದ ಮೇಜಿನ ನಡುವೆ ಇಟ್ಟಿದ್ದೇನೆ. ಅವಳು ಬರುವ ರೈಲಿನ ಹೊತ್ತಾಯಿತು. ವಿಷಯಸೂಚಿಗಳ ಮೇಲೆ ಬೆರಳಿಟ್ಟು ಏಳು ವರ್ಷ ನಾನು ಹುಡುಕಿದ ಹೆಸರು ಗಿರಿಜಾ.