ವಿಭೂತಿ ಧರಿಸಿದ ಹುಳುಗಳು

ಎರಡನೇ ಪಿಯುಸಿ ಗಣಿತದ ಸಪ್ಲಿಮೆಂಟರಿ ಪರೀಕ್ಷೆಗೆ ನಾನು ಕೂತಾಗ ನನಗಿಂತ ಹೆಚ್ಚು ಹೆದರಿದ್ದವಳು ಅಜ್ಜಿ. ನಾನು ಪಾಸಾದರೆ ಕಡೇ ಕಾರ್ತಿಕ ಸೋಮವಾರ, ತಾನೇ ಬೆಳೆಸಿದ ಮರದ ಇಪ್ಪತ್ತೊಂದು ಬಿಲ್ವಪತ್ರೆ ಏರಿಸುತ್ತೇನೆ ಎಂದು ಶಿವನಿಗೆ ಹರಕೆ ಹೊತ್ತಳು. ಮರ ಅನ್ನುವುದು ಅವಳ ಮಾತು. ಹೊಸಮನೆ ಬಡಾವಣೆಯ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ, ಸಿಮೆಂಟಿನ ಕುಂಡದಲ್ಲಿ, ಅದು ನನ್ನ ಎದೆಯ ಮಟ್ಟಕ್ಕೆ ಬಂದಿತ್ತು. ಶಿವ ನನ್ನನ್ನು ಪಾಸು ಮಾಡಿಸಿದ. ಇನ್ನು ಅಜ್ಜಿಯ ಸರದಿ.

ಆ ಸೋಮವಾರಕ್ಕೆ ಮೂರು ವಾರ ಇದ್ದಾಗ ಎಲೆಗಳ ಮೇಲೆ ಹಕ್ಕಿ ಹಿಕ್ಕೆಯಂಥವು ಕಂಡವು. ಅಜ್ಜಿಗೆ ಕಣ್ಣು ಮಂಜು.

"ಏನೋ ಅದು, ಎಲೆ ಮೇಲೆ?"

ನಾನು ಬುಡುಬುಡಿಕೆಯವನ ದನಿ ತೆಗೆದೆ. "ಗುಬ್ಬಕ್ಕ ಆಶೀರ್ವಾದ ಮಾಡೈತೆ ತಾಯಿ, ಒರೆಸಬ್ಯಾಡಿ."

ಅಜ್ಜಿ ನಕ್ಕಳು, ಒರೆಸಲಿಲ್ಲ. ಹತ್ತು ದಿನದಲ್ಲಿ ಆ ಆಶೀರ್ವಾದಗಳೇ ಕಿರುಬೆರಳಿನಷ್ಟು ದಪ್ಪಗಾಗಿ, ಹಸಿರಿಗೆ ತಿರುಗಿ, ತಲೆಯಾಡಿಸುತ್ತ ಎಲೆ ಮೇಯತೊಡಗಿದವು.

ಬಿಲ್ವಪತ್ರೆಯ ಮೂರು ದಳವೂ ಇಡಿಯಾಗಿರಬೇಕು. ತೂತು ಬಿದ್ದದ್ದು, ಅಂಚು ಹರಿದದ್ದು ಪೂಜೆಗೆ ಸಲ್ಲದು.

"ಹೂವಿನ ಅಂಗಡೀಲಿ ಕಟ್ಟುಗಟ್ಟಲೆ ಸಿಗುತ್ತಲ್ಲ ಅಜ್ಜಿ."

"ಕೊಂಡು ತಂದ್ರೆ ಅದು ಅಂಗಡಿಯವನ ಹರಕೆ ಆಗುತ್ತೆ ಮಾರಾಯ."

ಅಪ್ಪ ಔಷಧಿ ಹೊಡೆಯೋಣ ಎಂದರು. ಎಲೆ ತೊಳೆದ ನೀರೇ ತೀರ್ಥ, ಅದನ್ನು ಮೊದಲು ಕುಡಿಯುವವರು ಯಾರು ಎಂದು ಅಜ್ಜಿ ಕೇಳಿದಳು. ಅಪ್ಪ ಪೇಪರ್ ಓದಲು ಹೋದರು. ಹೊಸಕಿ ಹಾಕಲೂ ಅವಳು ಬಿಡಲಿಲ್ಲ. ಶಿವನ ಗಿಡದಲ್ಲಿ ಹುಟ್ಟಿದ ಜೀವಗಳಂತೆ.

ಆ ಭಾನುವಾರ ಭದ್ರಾವತಿಯಿಂದ ಮಾವ, ಅಂದರೆ ಅಜ್ಜಿಯ ಅಳಿಯ, ಬಂದರು. ಕಾರ್ಖಾನೆಯ ಯಂತ್ರಗಳ ಸದ್ದಿನಲ್ಲಿ ಮಾತಾಡಿ ರೂಢಿಯಾಗಿ, ಪಕ್ಕದಲ್ಲೇ ಕೂತವರಿಗೂ ಕೂಗಿ ಹೇಳುವವರು.

"ಬೂದಿ ಉದುರ್ಸಿ ಅತ್ತೆ. ನಮ್ ಕ್ವಾಟ್ರಸ್ಸಲ್ಲಿ ಎಲ್ರೂ ಅದೇ ಮಾಡೋದು. ಹುಳ ಒಂದು ಶಿಫ್ಟೂ ನಿಲ್ಲಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಏನೋ ಸಪ್ಲಿಮೆಂಟರಿ, ಹುಳ ಎಷ್ಟಿವೆ ಎಣಿಸು. ಬರುತ್ತೆ ತಾನೇ ಎಣಿಸಕ್ಕೆ?"

"ಹದಿನಾಲ್ಕು ಮಾವ," ಎಂದು ಅವರದೇ ಗಂಟಲಲ್ಲಿ ಕೂಗಿದೆ.

"ಯಾಕೋ ಕಿರುಚ್ತೀಯ, ನಾನೇನು ಕಿವುಡನಾ," ಎಂದು ಅವರು ಬೀದಿಗೆಲ್ಲ ಕೇಳುವಂತೆ ಕೇಳಿದರು.

ಗ್ಯಾಸ್ ಒಲೆಯ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ಅಜ್ಜಿ ದೇವರ ಕೋಣೆಯಿಂದ ವಿಭೂತಿ ಗಟ್ಟಿ ತಂದಳು, ಕುಟ್ಟಿ ಪುಡಿ ಮಾಡಿದಳು, ಗಿಡದ ತುಂಬ ಉದುರಿಸಿದಳು. ಮರುದಿನ ಬೆಳಿಗ್ಗೆ ನೋಡಿದರೆ ಮೈತುಂಬ ವಿಭೂತಿ ಧರಿಸಿದ ಹದಿನಾಲ್ಕು ಸ್ವಾಮಿಗಳು ಕೊಂಬೆಕೊಂಬೆಯಲ್ಲೂ ಕೂತು ಪ್ರಸಾದ ಸ್ವೀಕರಿಸುತ್ತಿದ್ದರು. ನಾನು ಪ್ರವಚನದ ದನಿಯಲ್ಲಿ "ಭಕ್ತರೇ" ಎಂದು ಶುರುಮಾಡಿದೆ. ಅಜ್ಜಿ ನಗಲಿಲ್ಲ. ಒಂದೊಂದೇ ಎಲೆಯ ಅಂಚನ್ನು ಬೆರಳಿನಿಂದ ಸವರಿ ನೋಡುತ್ತಿದ್ದಳು. ಮಾತು ಕೊಟ್ಟವಳು ಅವಳು, ಪಾಸಾದವನು ನಾನು, ಹುಳುವನ್ನು ಹಿಕ್ಕೆ ಅಂದವನೂ ನಾನೇ. ಪ್ರವಚನ ಅಲ್ಲಿಗೇ ನಿಂತಿತು.

ಹಳೆಯ ಬಿಸ್ಕತ್ತಿನ ಡಬ್ಬ ತಂದು ಕೈಯಲ್ಲೇ ಆರಿಸತೊಡಗಿದೆ. ಮುಟ್ಟಿದ ಕೂಡಲೇ ಹುಳು ತಲೆಯ ಹಿಂದಿನಿಂದ ಎರಡು ಕಿತ್ತಳೆ ಬಣ್ಣದ ಕೊಂಬು ಎತ್ತಿ, ಕೊಳೆತ ನಿಂಬೆಹಣ್ಣಿನ ವಾಸನೆ ಬಿಡುತ್ತಿತ್ತು.

"ಇವನ್ನ ಎಲ್ಲಿ ಬಿಡ್ಲಿ ಅಜ್ಜಿ?"

"ಹೊಟ್ಟೆಗೆ ಸಿಗೋ ಕಡೆ ಬಿಡು. ನಿಂಬೆ ಗಿಡ ಆದ್ರೂ ತಿಂತಾವೆ."

ನಮಗೆ ಗೊತ್ತಿದ್ದ ನಿಂಬೆ ಗಿಡ ಒಂದೇ, ಭದ್ರಾವತಿಯಲ್ಲಿ, ಬೂದಿಯ ಸಲಹೆ ಕೊಟ್ಟ ಮಾವನ ಹಿತ್ತಲಲ್ಲಿ. ನನಗಂತೂ ಬೇಜಾರಾಗಲಿಲ್ಲ.

ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡು ಎದ್ದು ಹಿಂದಕ್ಕೆ ಹೋದರು. ಕಂಡಕ್ಟರ್ ಡಬ್ಬ ನೋಡಿ, "ಏನ್ರೀ ಅದು?" ಎಂದ. "ನೆಂಟರು," ಎಂದೆ. ಒಂದೇ ಟಿಕೆಟ್ ಕೊಟ್ಟ.

ಮಾವ ಶಿಫ್ಟಿಗೆ ಹೋಗಿದ್ದರು. ಬಾಗಿಲು ತೆಗೆದ ಅತ್ತೆಯ ಕಣ್ಣು ನೇರ ಡಬ್ಬದ ಮೇಲೆ ಬಿತ್ತು. "ಅವ್ವ ಏನು ಕಳ್ಸಿದಾಳೋ, ಚಕ್ಲೀನಾ?" ನಾನು ಬಾಯಿ ತೆರೆಯುವ ಮೊದಲೇ ಮುಚ್ಚಳ ತೆರೆದಾಗಿತ್ತು. ಒಳಗಿಂದ ಇಪ್ಪತ್ತೆಂಟು ಕೊಂಬುಗಳು ಎದ್ದವು. ಅತ್ತೆ ಮುಚ್ಚಳ ಹಾಕಿ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಇದನ್ನ ಅವ್ವನೇ ಕಳ್ಸಿದ್ದಾ?"

"ಹೂಂ ಅತ್ತೆ. ಹರಕೆ ಎಲೆ ತಿಂದ ಹುಳ. ಕೊಲ್ಲೋ ಹಾಗಿಲ್ಲವಂತೆ, ನಿಂಬೆ ಗಿಡಕ್ಕೆ ಬಿಡ್ಬೇಕಂತೆ."

ಅತ್ತೆ ಎಷ್ಟಾದರೂ ಅಜ್ಜಿಯ ಮಗಳು. ಹಿತ್ತಲ ಕಡೆ ಬೊಟ್ಟು ಮಾಡಿ ಹೇಳಿದಳು. "ಕಾಂಪೌಂಡ್ ಆಚೆ ಚಾಚಿದೆಯಲ್ಲ, ಆ ಕೊಂಬೆಗೆ ಬಿಡು. ಅದರ ಹಣ್ಣು ಹೇಗಿದ್ರೂ ಪಕ್ಕದ್ಮನೆಯವರೇ ಕಿತ್ಕೊಳ್ಳೋದು. ನಿಮ್ಮ ಮಾವಂಗೆ ಹೇಳ್ಬೇಡ."

ಕಡೇ ಕಾರ್ತಿಕ ಸೋಮವಾರ ಬಂತು. ಅಜ್ಜಿ ಮಿಂದು, ತಾರಸಿ ಹತ್ತಿ, ಸವರಿ ಸವರಿ ಎಲೆ ಬಿಡಿಸಿದಳು. ತಟ್ಟೆಗೆ ಬಂದದ್ದು ಹತ್ತೊಂಬತ್ತು. ಅಂಚು ಚೂರೇ ಹರಿದಿದ್ದ ಎರಡನ್ನು ನಾನು ಮೆಲ್ಲಗೆ ಅವುಗಳ ಅಡಿಯಲ್ಲಿ ಸೇರಿಸಿದೆ. ಅವಳ ಬೆರಳುಗಳು ಅವೆರಡನ್ನೂ ಹುಡುಕಿ ಹೊರಗಿಟ್ಟವು. ದೇವರ ಕೋಣೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಅವಳು ಎಲೆಗಳನ್ನು ಮತ್ತೊಮ್ಮೆ ಎಣಿಸಿದಳು, ಹತ್ತೊಂಬತ್ತೇ.

"ಗಣಿತದಲ್ಲಿ ನಿಂಗೆ ಎಷ್ಟು ಬಂತು?" ಎಂದಳು ಕಡೆಗೆ.

"ಮೂವತ್ತೈದು."

"ಎಷ್ಟಕ್ಕೆ?"

"ನೂರಕ್ಕೆ ಅಜ್ಜಿ."

"ಆ ಲೆಕ್ಕದಲ್ಲಿ ಇಪ್ಪತ್ತೊಂದಕ್ಕೆ ಎಷ್ಟು ಎಲೆ ಆಗುತ್ತೆ?"

ಬೆರಳು ಮಡಿಸಿದೆ, ಬಿಚ್ಚಿದೆ, ಗೋಡೆಯ ಮೇಲೆ ಉಗುರಿನಿಂದ ಗೀಚಿದೆ. "ಏಳೂ ಚಿಲ್ಲರೆ."

ಅಜ್ಜಿ ಲಿಂಗದ ಕಡೆ ತಿರುಗಿದಳು. "ಕೇಳಿಸ್ಕೊಂಡ್ಯಾ ತಂದೆ. ನೀನು ಕೊಟ್ಟಿದ್ದಕ್ಕೆ ಏಳು ಸಾಕಿತ್ತು. ನಾನು ಹತ್ತೊಂಬತ್ತು ಕೊಡ್ತಾ ಇದೀನಿ." ತಟ್ಟೆಯನ್ನು ನನ್ನ ಕಡೆ ಸರಿಸಿದಳು. "ತಗೋ, ನೀನೇ ಏರಿಸು. ನುಣುಪು ಕೆಳಗೆ ಬರ್ಲಿ."

ನಾನು ಒಂದೊಂದೇ ಎಲೆಯನ್ನು ಬೋರಲು ಇಡುತ್ತ ಹೋದೆ. ಅಜ್ಜಿ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಎಣಿಸಿದಳು. ನನ್ನ ಲೆಕ್ಕದ ಮೇಲೆ ಅವಳಿಗೆ ಇನ್ನೂ ಅಷ್ಟು ನಂಬಿಕೆ ಬಂದಿರಲಿಲ್ಲ.